ಮೋಟೆಬೆನ್ನೂರು ಕ್ರಾಸ್

ಸೆಪ್ಟೆಂಬರ್ 14, ರವಿವಾರ

ಬಂದು ಬಿದ್ದಿದ್ದೇನೆ. ಹಾವೇರಿಯ ನನ್ನ ಮನೆಯ ಬಚ್ಚಲಲ್ಲಿ ಜಾರಿ ಎಡಗೈ ಮಣಿಕಟ್ಟು ಮುರಿದುಕೊಂಡದ್ದು ಹೋದ ವಾರ. ಪ್ಲಾಸ್ಟರ್ ಬಿಚ್ಚುವವರೆಗೆ ಒಬ್ಬಳೇ ಇರಬಾರದೆಂದು ಡಾಕ್ಟರು ಹೇಳಿದರಂತೆ. ನನ್ನ ಮುಂದೆ ಹೇಳಲಿಲ್ಲ, ವಿಕ್ರಮನ ಮುಂದೆ ಹೇಳಿದರಂತೆ. ಮಗ ವಕೀಲನಾದರೆ ಯಾರೂ ಆಡದ ಮಾತನ್ನೂ ಆಡಿದರೆಂದು ನಂಬಿಸಬಲ್ಲ. ಇರಲಿ.

ಅವನ ಕಾರಿನಲ್ಲೇ ಬಂದೆ. ಹೆದ್ದಾರಿಯಲ್ಲಿ ಅವನಿಗೆ ಫೋನು ಬಂತು. ಸೊಸೆ ಶ್ರೀದೇವಿಯ ದನಿ ಎಷ್ಟು ಜೋರೆಂದರೆ ಹಿಂದಿನ ಸೀಟಿನಲ್ಲಿದ್ದ ನನಗೂ ಕೇಳಿಸಿತು.

"ಎಲ್ಲಿದೀರಿ?"

"ಮೋಟೆಬೆನ್ನೂರ ಕ್ರಾಸ್‌ಗೆ ಬಂದ್ವಿ."

"ಮೆಣಸಿನ ಹೊಲದಾಗ ಕ್ರಾಸಿಂಗ್ ನಡದೈತಿ, ನಾ ನೆಟ್‌ನಾಗ ಅದೀನಿ. ಕೀಲಿ ಕಿಟಕ್ಯಾಗ ಐತಿ. ಅತ್ತಿಯವ್ರಿಗೆ ಅನ್ನಾ ಸಾರು ಮಾಡಿಟ್ಟೇನಿ."

ಅತ್ತೆ ಮೊದಲ ಸಲ ಮನೆಗೆ ಬರುವಾಗ ಬಾಗಿಲಲ್ಲಿ ನಿಲ್ಲಲು ಸೊಸೆಗೆ ಪುರುಸೊತ್ತಿಲ್ಲ. ಕಿಟಕಿಯ ಕೀಲಿಯೇ ನನ್ನನ್ನು ಬರಮಾಡಿಕೊಂಡಿತು. ಸಾರು ತಣ್ಣಗಾಗಿತ್ತು. ಖಾರ ಮಾತ್ರ ಕಣ್ಣಲ್ಲಿ ನೀರು ತರಿಸುವಷ್ಟಿತ್ತು.

ಇವರ ಮದುವೆಯಾಗಿ ಎರಡು ವರ್ಷ. ನನ್ನನ್ನು ಕೇಳಿ ಆದದ್ದಲ್ಲ, ನಮ್ಮವರ ಪೈಕಿಯೂ ಅಲ್ಲ. ನೋಂದಣಿ ಕಚೇರಿಗೆ ಹೋಗಿ, ಸಾಕ್ಷಿಗೆ ಸಹಿ ಹಾಕಿ, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದವಳು ನಾನು. ಈಗ ಅವಳಿಗೆ ಏಳು ತಿಂಗಳು. ಆ ಸುದ್ದಿಯನ್ನೂ ಮೊದಲು ನನಗೆ ಹೇಳಿದ್ದು ಪಕ್ಕದ ಮನೆಯವರು.

ಸೆಪ್ಟೆಂಬರ್ 16, ಮಂಗಳವಾರ

ಚಹಾ ಅಲ್ಲ, ಪಾನಕ. ಸಕ್ಕರೆ ಕಡಿಮೆ ಹಾಕು ಎಂದೆ. "ಹೂಂರಿ" ಎಂದಳು. ಮಧ್ಯಾಹ್ನವೂ ಪಾನಕವೇ ಬಂತು.

ಇಡೀ ದಿನ ಕೂತು ಕೇಳಿದೆ. ಈ ಊರಿನವರು ಇಂಗ್ಲಿಷಿನ ಒಂದೇ ಶಬ್ದದಲ್ಲಿ ಸಂಸಾರ ನಡೆಸುತ್ತಿದ್ದಾರೆ. ಬಸ್ಸು ನಿಲ್ಲುವ ಜಾಗ ಕ್ರಾಸ್. ಹಿತ್ತಲಲ್ಲಿ ಕಟ್ಟಿದ ಕಪ್ಪು ಬಿಳಿ ಆಕಳು ಕ್ರಾಸ್. ಮೆಣಸಿನ ಹೂವಿಗೆ ಮಾಡುವುದು ಕ್ರಾಸಿಂಗ್. ಬ್ಯಾಡಗಿ ಕೋರ್ಟಿನಲ್ಲಿ ನನ್ನ ಮಗ ಸಾಕ್ಷಿಯನ್ನು ಹಿಡಿದು ಕಾಡುವುದು ಕ್ರಾಸ್. ಚೆಕ್ಕಿನ ಮೂಲೆಯಲ್ಲಿ ಎರಡು ಗೀಟು ಎಳೆದರೆ ಅದೂ ಕ್ರಾಸ್. ಇವರಿಬ್ಬರ ಮದುವೆಗೆ ನಮ್ಮ ಓಣಿಯವರು ಇಟ್ಟ ಹೆಸರೂ ಅದೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸಿದ ನಾನು ಮಕ್ಕಳ ಪೇಪರಿನ ಮೇಲೆ ಕೆಂಪು ಶಾಯಿಯಲ್ಲಿ ಎಳೆದದ್ದೂ ಕ್ರಾಸೇ.

ಒಂದು ಅರ್ಥ ಮಾತ್ರ ಇವರ ಹತ್ತಿರ ಇಲ್ಲ. ಸಿಡುಕಿನಲ್ಲಿರುವವರನ್ನೂ ಇಂಗ್ಲಿಷಿನಲ್ಲಿ ಕ್ರಾಸ್ ಅನ್ನುತ್ತಾರೆ. ಎಂಟನೇ ಇಯತ್ತೆಯ ಹುಡುಗಿಯರಿಗೆ ಇದನ್ನು ಹೇಳಿದಾಗ ನನ್ನ ಮುಖ ನೋಡಿ ನಗುತ್ತಿದ್ದರು. ಆ ಅರ್ಥವನ್ನು ಈ ಮನೆಯಲ್ಲಿ ನಾನೊಬ್ಬಳೇ ಕಾಪಾಡಿಕೊಂಡು ಬಂದಿದ್ದೇನೆ.

ಸೆಪ್ಟೆಂಬರ್ 19, ಶುಕ್ರವಾರ

ಮನೆಯಲ್ಲಿ ಗೋಡೆ ನೋಡಿ ನೋಡಿ ಸಾಕಾಗಿ ಹಿಂದಿನ ಹೊಲಕ್ಕೆ ಹೋದೆ. ನೆಟ್ ಎಂದರೆ ಕಂಬ ನಿಲ್ಲಿಸಿ, ಇಡೀ ಹೊಲಕ್ಕೆ ಬಿಳಿ ಜಾಳಿಗೆ ಹೊದಿಸಿದ್ದಾರೆ. ದೊಡ್ಡ ಸೊಳ್ಳೆಪರದೆಯೇ. ಒಳಗೆ ಸಾಲುಸಾಲು ಮೆಣಸಿನ ಗಿಡ. ಬಾಗಿಲಿಗೆ ಕೈ ಹಾಕಿದ್ದೆ ಅಷ್ಟೇ.

"ಅತ್ತಿಯವ್ರ, ಒಳಗ ಬರಬ್ಯಾಡ್ರಿ. ಅರಿವ್ಯಾಗ ಹೊರಗಿನ ಹೂವಿನ ಪುಡಿ ಬರತೈತಿ."

"ನಾ ಏನು ಹೊಲದಾಗ ಉರುಳ್ಯಾಡಿ ಬಂದೇನೇನು?"

"ಹಂಗಲ್ರಿ. ಬೀಜದ ಕಂಪನಿ ರೂಲ್ ಐತಿ."

ಕೂಲಿಯ ಹೆಂಗಸರೆಲ್ಲ ಒಳಗೆ, ಅತ್ತೆ ಹೊರಗೆ. ಅವರ ಮುಂದಾಳು ಮೈಮುನಾಬಿ ಒಂದು ಕುರ್ಚಿ ತಂದು ಬಾಗಿಲ ಹತ್ತಿರ ಹಾಕಿ, "ಕುಂದ್ರಿ ಅಕ್ಕೋರ, ಇಲ್ಲಿಂದ ಎಲ್ಲಾ ಕಾಣತೈತಿ" ಎಂದಳು. ಸಿನಿಮಾ ತೋರಿಸುವವಳ ಹಾಗೆ.

ಕೂತು ನೋಡಿದೆ, ಬೇರೇನು ಮಾಡಲಿ? ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಎಸಳನ್ನೂ ಒಳಗಿನ ಗಂಡು ಭಾಗವನ್ನೂ ಕಿತ್ತು ಹಾಕುತ್ತಾರೆ. ಮರುದಿನ ಅದಕ್ಕೆ ಬೇರೆ ಜಾತಿಯ ಹೂವಿನ ಪುಡಿ ಮುಟ್ಟಿಸುತ್ತಾರೆ. ಮುಟ್ಟಿಸಿದ ಮೇಲೆ ಆ ಹೂವಿನ ತೊಟ್ಟಿಗೊಂದು ಬಣ್ಣದ ದಾರ. ವಾರಕ್ಕೊಂದು ಬಣ್ಣ. ದಾರವಿದ್ದ ಕಾಯಿಯನ್ನು ಬೀಜಕ್ಕೆ ಬಿಡುತ್ತಾರೆ, ದಾರವಿಲ್ಲದ್ದು ತಾನಾಗಿ ಕಟ್ಟಿದ ಕಾಯಿ, ಅದನ್ನು ಕಿತ್ತು ಒಗೆಯುತ್ತಾರೆ. ತಾನಾಗಿ ಕಟ್ಟಿದ ಕಾಯಿ ಬೀಜದಲ್ಲಿ ಬೆರೆತರೆ, ಕಂಪನಿಯವರು ಮಾದರಿ ಬಿತ್ತಿ ನೋಡಿದಾಗ ಸಿಕ್ಕಿಬೀಳುತ್ತದೆ. ಆಗ ಇಡೀ ಬೆಳೆಯ ಬೀಜ ತಿರುಗಿ ಬರುತ್ತದೆ.

ರಾತ್ರಿ ಊಟದ ಹೊತ್ತಿಗೆ ವಿಕ್ರಮನ ಮುಂದೆ ಹೇಳುತ್ತಿದ್ದಳು. "ಬೀಜದ ಗುತ್ತಿಗಿ ನನ್ನ ಹೆಸರಿಗೆ ತಗೊಂಡಿದ್ದು ಇದ ಮೊದಲ. ಇದು ಕೆಟ್ಟರ ಮುಂದ ಯಾವ ಕಂಪನ್ಯಾರೂ ನನ್ನ ನಂಬಂಗಿಲ್ಲ." ನಂಬಿಕೆಯ ಮಾತು ಆಡುವವಳು ಅತ್ತೆಯನ್ನು ಬಾಗಿಲ ಹೊರಗೆ ಕೂರಿಸಿದ್ದಾಳೆ.

ಸೆಪ್ಟೆಂಬರ್ 20, ಶನಿವಾರ

ಕದರಮಂಡಲಗಿ ಹನುಮಪ್ಪನ ಗುಡಿಗೆ ಕರೆದೊಯ್ಯುತ್ತೇನೆಂದು ಎಬ್ಬಿಸಿದ ಮಗ, ಕಕ್ಷಿದಾರ ಬಂದನೆಂದು ಹೊರಟುಹೋದ. ಸೀರೆ ಉಟ್ಟು ಕೂತಿದ್ದೆ. ಇವತ್ತು ಇನ್ನೇನೂ ಬರೆಯುವುದಿಲ್ಲ.

ಸೆಪ್ಟೆಂಬರ್ 25, ಗುರುವಾರ

ಸಂಜೆ ವಿಕ್ರಮ ಬೂಟು ಬಿಚ್ಚುತ್ತ, "ಇವತ್ತ ಕ್ರಾಸ್ ಛಲೋ ಆತಮ್ಮಾ. ಸಾಕ್ಷಿ ಎರಡು ಪ್ರಶ್ನಿಗೆ ತಡವರಿಸಿಬಿಟ್ಟ" ಎಂದ.

"ಅಂವ ಸುಳ್ಳು ಹೇಳ್ತಿದ್ದನೇನು?"

"ಇಲ್ಲ. ಖರೇನ ಹೇಳ್ತಿದ್ದ. ಅಂಜಿದ."

ನಕ್ಕ. ಸತ್ಯ ಹೇಳುವವನನ್ನು ಅಂಜಿಸಿ ಉಣ್ಣುವ ಕಸುಬು. ಇವನಿಗೆ ಇಂಗ್ಲಿಷು ಕಲಿಸಿದ ಪಾಪವೂ ನನ್ನದೇ.

ಸೊಸೆ ಸೊಂಟಕ್ಕೆ ಕೈ ಕೊಟ್ಟುಕೊಂಡೇ ಸಾಲಿನಿಂದ ಸಾಲಿಗೆ ಹೋಗುತ್ತಾಳೆ. ನೋಡುವವರಿಗೆ ಸುಸ್ತು. ಪಡಸಾಲೆಯಲ್ಲಿ ಒಂದು ಗಿಡ್ಡ ಸ್ಟೂಲು ನನ್ನ ಕಾಲಿಗೆ ತಾಗುತ್ತಲೇ ಇತ್ತು. ಅದನ್ನು ನೆಟ್ಟಿನ ಬಾಗಿಲಲ್ಲಿ ಇಟ್ಟು ಬಂದೆ. ಮಧ್ಯಾಹ್ನ ನೋಡಿದರೆ ಅದರ ಮೇಲೆ ಕೂತೇ ಮೊಗ್ಗು ಬಿಡಿಸುತ್ತಿದ್ದಳು. ಯಾರು ಇಟ್ಟರೆಂದು ಕೇಳಲಿಲ್ಲ. ಕೇಳುವ ಪದ್ಧತಿ ಆ ಮನೆತನದಲ್ಲಿ ಇದ್ದಂತಿಲ್ಲ.

ಸೆಪ್ಟೆಂಬರ್ 30, ಮಂಗಳವಾರ

ಇದೊಂದು ಬಾಕಿ ಇತ್ತು. ಶ್ರೀದೇವಿಯ ತಾಯಿ ನೀಲಗಂಗವ್ವ ಬಂದಿದ್ದಾಳೆ. ರಾಣೆಬೆನ್ನೂರಿನ ಆಚೆಯ ಹಳ್ಳಿಯಿಂದ ದಸರೆಗೆಂದು ಬಂದವಳು ಶೀಗಿ ಹುಣ್ಣಿಮೆ ಮುಗಿಸಿಕೊಂಡೇ ಹೋಗುತ್ತಾಳಂತೆ. ಬಾಯಿ ತುಂಬ ಎಲೆ ಅಡಿಕೆ, ಕೈಚೀಲದ ತುಂಬ ರೊಟ್ಟಿ. ನನ್ನನ್ನು "ಬೀಗತೇರ, ಬೀಗತೇರ" ಎನ್ನುತ್ತ ಹಿಂದೆ ಹಿಂದೆ ಬರುತ್ತಾಳೆ. ಗಂಡ ಸತ್ತು ನಾಲ್ಕು ವರ್ಷವಾಯಿತಂತೆ. ಅದನ್ನು ಬಂದ ಕೂಡಲೇ ಹೇಳಿ, ನಿಮ್ಮವರು ಹೋಗಿ ಎಷ್ಟಾಯಿತು ಎಂದು ಕೇಳಿದಳು. ಹನ್ನೊಂದು ಎಂದೆ. "ಹಂಗಾದ್ರ ನಿಮಗ ರೂಢಿ ಆಗೇತಿ ಬಿಡ್ರಿ" ಎಂದಳು. ಇಂಥ ಮಾತಿಗೆ ಏನು ಉತ್ತರ ಕೊಡುವುದು?

ಅವಳಿಗೂ ನೆಟ್ಟಿನೊಳಗೆ ಪ್ರವೇಶವಿಲ್ಲ. ಹೋದ ತಿಂಗಳು ಬಂದಾಗ ಹೂವಿನ ಪುಡಿಯ ಡಬ್ಬಿ ತಣ್ಣಗಿದೆ ಎಂದು ಬಿಸಿಲಿಗೆ ಇಟ್ಟು ಕೆಡಿಸಿದಳಂತೆ. ಶ್ರೀದೇವಿ ಆಳುಗಳ ಮುಂದೆಯೇ ಬೈದಿದ್ದಳೆಂದು ಮೈಮುನಾಬಿ ಹೇಳಿದಳು. ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಇಡೀ ದಿನ ಜಾಳಿಗೆಯೊಳಗೆ ನೋಡುತ್ತಾಳೆ.

"ಹಡದ ಮಗಳ ಹೊಲದ ಬಾಗಲದಾಗ ಕುಂತೇನಿ ನೋಡ್ರಿ."

"ನೀವು ಡಬ್ಬಿ ಕೆಡಿಸಬಾರದಿತ್ತು."

"ಕೆಡಸಬೇಕಂತ ಕೆಡಸಿದ್ನೇನ್ರಿ?"

ಕುರ್ಚಿಯನ್ನು ಒಂದು ಮೊಳ ಆಚೆ ಸರಿಸಿಕೊಂಡೆ.

ಅಕ್ಟೋಬರ್ 7, ಮಂಗಳವಾರ

ಶೀಗಿ ಹುಣ್ಣಿಮೆ. ಬೆಳೆ ಹೊತ್ತ ಭೂಮಿತಾಯಿ ಬಸುರಿ ಎಂದು ಹೊಲಕ್ಕೆ ಹೋಗಿ ಅವಳಿಗೂ ಸೀಮಂತದ ಕುಬಸ ಮಾಡುತ್ತಾರೆ. ಐದು ಕಲ್ಲಿಟ್ಟು, ಸೀರೆ ಹೊದಿಸಿ, ಬಳೆ ಏರಿಸಿ, ಉಡಿ ತುಂಬಿ, ಆಮೇಲೆ ಅಡಿಗೆಯನ್ನು ಹೊಲದ ತುಂಬ ಚರಗ ಚೆಲ್ಲುವುದು. ಶ್ರೀದೇವಿಯ ಚಿಗವ್ವ ಮುತ್ತೈದೆಯರ ಒಂದು ದಂಡನ್ನೇ ಕಟ್ಟಿಕೊಂಡು ಬಂದಿದ್ದಳು. ಆಳುಗಳಿಗೆ ರಜೆ. ವಿಕ್ರಮನಿಗೂ ರಜೆ.

ಬುಟ್ಟಿ ಹೊತ್ತು ಆಚೆಯ ಜೋಳದ ಹೊಲಕ್ಕೆ ಹೊರಟಾಗ ನೀಲಗಂಗವ್ವನೂ ಸೆರಗು ಸರಿಮಾಡಿಕೊಂಡು ಎದ್ದಳು. ಚಿಗವ್ವ ತಿರುಗಿ ನೋಡಿದಳು.

"ಯಕ್ಕಾ, ನೀ ಇಲ್ಲೇ ಕುಂದ್ರು. ಬೀಗತೇರಿಗೆ ಜತಿ ಆಗತೈತಿ."

ಎಷ್ಟು ನಯವಾಗಿ ಹೇಳಿದಳು. ಗಂಡನಿಲ್ಲದವರು ಬರಬೇಡಿ ಎಂದು ಬ್ಯಾನರು ಬರೆಸಿ ಕಟ್ಟಿದ್ದರೂ ಇಷ್ಟು ಸ್ಪಷ್ಟವಾಗುತ್ತಿರಲಿಲ್ಲ. ಶ್ರೀದೇವಿ ಮುಂದೆ ಹೋಗಿಬಿಟ್ಟಿದ್ದಳು, ಅವಳಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ. ನನಗೆ ಈ ಪೂಜೆ ಪುನಸ್ಕಾರ ಬೇಕೂ ಆಗಿಲ್ಲ. ಆದರೂ ಮೈಯೆಲ್ಲ ಉರಿಯಿತು. ತಪ್ಪು ಉತ್ತರದ ಮೇಲೆ ಎಳೆಯುವ ಹಾಗೆ ಯಾರೋ ನಮ್ಮಿಬ್ಬರ ಮೇಲೂ ಕೆಂಪು ಗೀಟು ಎಳೆದು ಮುಂದಿನ ಪುಟಕ್ಕೆ ಹೋಗಿದ್ದರು. ನೀಲಗಂಗವ್ವ ಮತ್ತೆ ಕೂತಳು. ಎಲೆ ಅಡಿಕೆ ಚೀಲವನ್ನೂ ಬಿಚ್ಚಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅವಳು ಪಕ್ಕದಲ್ಲಿಲ್ಲ. ಹುಡುಕುತ್ತ ಹಿತ್ತಲಿಗೆ ಹೋದರೆ ನೆಟ್ಟಿನ ಬಾಗಿಲು ತೆರೆದಿತ್ತು. ಬಾಗಿಲಲ್ಲಿ ಇಡುವ ಬುಟ್ಟಿಯೊಳಗಿನ ದಾರದುಂಡೆ ಅವಳ ಕೈಯಲ್ಲಿತ್ತು. ಈ ವಾರದ ಬಣ್ಣ ಹಳದಿ. ಕಂಕಣ ಕಟ್ಟುವ ಬಣ್ಣವೂ ಅದೇ. ಮೊಗ್ಗು ತುಂಬಿದ ಟೊಂಗೆಗಳನ್ನೇ ಹುಡುಕಿ ಹುಡುಕಿ ಒಂದೊಂದಕ್ಕೂ ದಾರ ಕಟ್ಟುತ್ತ, ಗಿಡದ ಜೊತೆ ಮಾತಾಡುತ್ತಿದ್ದಳು.

"ನಿನ್ನ ಕುಬಸಕ್ಕ ನಾ ಬರಬೌದಲ್ಲವ್ವಾ. ನೀ ಏನ್ ಬ್ಯಾಡ ಅನ್ನಂಗಿಲ್ಲ."

ಹುಚ್ಚು ಮುದುಕಿ. ಆ ಮೊಗ್ಗುಗಳಿಗೆ ಯಾರೂ ಏನೂ ಮಾಡಿಲ್ಲ, ಅವು ತಾವಾಗಿ ಅರಳಿ ತಾವಾಗಿ ಕಾಯಿ ಕಟ್ಟುತ್ತವೆ. ದಾರ ಕಂಡ ಆಳುಗಳು ಅವನ್ನೂ ಬೀಜಕ್ಕೆ ಬಿಡುತ್ತಾರೆ. ಶ್ರೀದೇವಿಯ ಬೆಳೆ ಹಾಳಾಗಲು ಇನ್ನೇನು ಬೇಕು? ಕೂಗಬೇಕೆಂದು ಬಾಯಿ ತೆರೆದೆ. ಕೂಗಲಿಲ್ಲ. ಬೆಳಗಿನಿಂದ ಗಂಟಲು ಸರಿ ಇರಲಿಲ್ಲ.

ಎರಡು ಸಾಲು ಮುಗಿಸಿ ಹೊರಗೆ ಬಂದವಳು ನನ್ನನ್ನು ಕಂಡು ಬೆಚ್ಚಿದಳು. "ಶ್ರೀದೇವಿಗೆ ಹೇಳಬ್ಯಾಡ್ರಿ. ಪೂಜಿ ಮಾಡೇನಿ ಅಷ್ಟ. ನಾ ಒಳಗ ಕಾಲಿಟ್ಟೇನಿ ಅಂದ್ರ ಆಕಿ ಸುಮ್ಮನಿರೂದಿಲ್ಲ." ಒಳಗೆ ಹೋದದ್ದು ತಪ್ಪೆಂದು ಗೊತ್ತು, ದಾರ ಕಟ್ಟಿದ್ದು ಏನೆಂದು ಗೊತ್ತಿಲ್ಲ. ಊಟ ಮುಗಿದ ಮೇಲೆ ತಂಗಿಯ ದಂಡಿನ ಜೊತೆಗೇ ಊರಿಗೆ ಹೊರಟುಹೋದಳು.

ಹೇಳಿದರೆ ಆಗುವುದು ಇಷ್ಟು: ಡಬ್ಬಿಗೆ ಬೈದವಳು ಬೆಳೆಗೆ ಬಿಟ್ಟಾಳೆಯೇ? ದೀಪಾವಳಿ ಕಳೆದ ಮೇಲೆ ಶ್ರೀದೇವಿಯದೇ ಕುಬಸ ಇದೆ. ಅದಕ್ಕೂ ತಾಯಿಯನ್ನು ಬರಗೊಡಲಿಕ್ಕಿಲ್ಲ. ಆ ಬಾಯಿ ನಾನು ಬಲ್ಲೆ. ಹಾಗೆಂದು ಈ ಮುದುಕಿಯ ಪರ ನಾನೇನೂ ಅಲ್ಲ.

ಅಕ್ಟೋಬರ್ 8, ಬುಧವಾರ

ಬೆಳಿಗ್ಗೆ ಶ್ರೀದೇವಿ ತಪಾಸಣೆಗೆಂದು ರಾಣೆಬೆನ್ನೂರಿನ ಆಸ್ಪತ್ರೆಗೆ ಹೋದಳು. ಮಧ್ಯಾಹ್ನ ಹೆಂಗಸರು ಬುತ್ತಿ ಬಿಚ್ಚಿ ಬೇವಿನ ಗಿಡದ ಕೆಳಗೆ ಕೂತರು. ನಾನು ಒಗೆದ ಸೀರೆ ಉಟ್ಟು, ಹೊಲಿಗೆಯ ಸಣ್ಣ ಕತ್ತರಿ ತೆಗೆದುಕೊಂಡು ನೆಟ್ಟಿನೊಳಗೆ ಹೋದೆ.

ಗುರುತಿಸುವುದು ಕಷ್ಟವಲ್ಲ. ಇವರ ದಾರ ಎಸಳು ಕಿತ್ತ ಹೂವಿನ ತೊಟ್ಟಿಗಿರುತ್ತದೆ. ಅವಳದು ಮೊಗ್ಗಿದ್ದ ಟೊಂಗೆಗೆ. ಅಲ್ಲಲ್ಲಿ ತೊಟ್ಟಿಗೂ ಕಟ್ಟಿದ್ದಳು, ಅಲ್ಲಿ ಬಗ್ಗಿ ಕನ್ನಡಕ ಸರಿಮಾಡಿಕೊಂಡು ನೋಡಬೇಕಾಯಿತು. ಪ್ಲಾಸ್ಟರಿನ ಕೈ ಎಲೆ ಸರಿಸಲು ಮಾತ್ರ ಉಪಯೋಗ. ಒಳಗೆ ಗಾಳಿಯಿಲ್ಲ, ಬೆವರು ಕಣ್ಣಿಗಿಳಿಯಿತು. ಒಂದು ಸಾಲು ಮುಗಿಸಿ ಎರಡನೆಯದರ ಕೊನೆಗೆ ಬಂದಿದ್ದೆ.

"ಏನ್ ಮಾಡಾಕತ್ತೀರಿ?"

ಬಾಗಿಲಲ್ಲಿ ಶ್ರೀದೇವಿ. ನನ್ನ ಕೈಯಲ್ಲಿ ಕತ್ತರಿ, ಸೆರಗಿನ ತುಂಬ ಹಳದಿ ದಾರ. ಆಸ್ಪತ್ರೆಯ ಚೀಟಿ ಅವಳ ಕೈಯಲ್ಲಿ ಹಾಗೇ ಮುದ್ದೆಯಾಯಿತು.

"ಎಷ್ಟ ದಿನಾ ಆತ್ರಿ ಇದು?"

"ಇವತ್ತೇ."

"ಯಾಕ?"

"ಬ್ಯಾಸರಾಗಿತ್ತು."

ಆ ಮಾತು ಎಲ್ಲಿಂದ ಬಂತೋ. ಬೇರೆ ಏನಾದರೂ ಹೇಳಬಹುದಿತ್ತು. ಅವಳು ಆ ಗಿಡ್ಡ ಸ್ಟೂಲಿನ ಮೇಲೆ ಕೂತಳು. ಅಳಲಿಲ್ಲ. ಅತ್ತಿದ್ದರೆ ಹೇಳಿಬಿಡುತ್ತಿದ್ದೆನೇನೋ.

"ನನ್ನ ಕಂಡ್ರ ನಿಮಗ ಆಗಂಗಿಲ್ಲ, ಗೊತ್ತೈತ್ರಿ. ಮಾತಾಡಬ್ಯಾಡ್ರಿ, ನನ್ನ ಕೈಯಾಗಿಂದು ಉಣಬ್ಯಾಡ್ರಿ. ಗಿಡಾ ಏನ್ ಮಾಡಿದ್ದುವ್ರಿ ನಿಮಗ?"

ಮೈಮುನಾಬಿ ಮತ್ತು ಉಳಿದ ಹೆಂಗಸರು ಜಾಳಿಗೆಯ ಹೊರಗೆ ನಿಂತು ನೋಡುತ್ತಿದ್ದರು. ನಾನು ಸೆರಗು ಕೊಡವಿ ಹೊರಗೆ ಬಂದೆ.

ಸಂಜೆ ವಿಕ್ರಮ ಎದುರಿಗೆ ಕುರ್ಚಿ ಹಾಕಿಕೊಂಡು ಕೂತ. ಕೋರ್ಟಿನ ಕರಿ ಕೋಟನ್ನು ಇನ್ನೂ ಕಳಚಿರಲಿಲ್ಲ.

"ಕತ್ತರಿ ತಗೊಂಡ ಹೋಗಿದ್ಯಂದ್ರ ಮೊದಲ ವಿಚಾರ ಮಾಡಿದ್ದಿ. ಹೌದಲ್ಲೋ?"

"ಹೌದು."

"ಆಕಿ ಮನ್ಯಾಗ ಇಲ್ಲದಾಗ ಹೋದಿ. ಅದೂ ಹೌದಲ್ಲೋ?"

"ನನ್ನ ಕ್ರಾಸ್ ಮಾಡಬ್ಯಾಡ ವಿಕ್ರಮಾ. ನಾ ನಿನ್ನ ಸಾಕ್ಷಿ ಅಲ್ಲ."

"ಮತ್ತ ಹೇಳು, ಯಾಕ ಮಾಡಿದಿ?"

ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡೆ. ಒಳಗಿನ ಕೋಣೆಯಿಂದ ಶ್ರೀದೇವಿಯ ದನಿ ಬಂತು. ಇವತ್ತು ಮಾತ್ರ ಅದು ಜೋರಾಗಿರಲಿಲ್ಲ. "ಅವ್ರು ಹಾವೇರಿಗೆ ಹೋಗ್ಲಿ. ನಾ ಹೊಲಾ ಕಾಯಲ್ಯೋ, ಅವ್ರನ್ನ ಕಾಯಲ್ಯೋ?"

ನನ್ನ ಮಗ ಸುಮ್ಮನಿದ್ದ. ಎದುರು ಪಕ್ಷದವರು ಸತ್ತರೂ ಮಾತಾಡುವವನು.

ಎರಡನೆಯ ಸಾಲಿನ ಕೊನೆಯಲ್ಲಿ ಏಳೆಂಟು ಗಿಡ ಉಳಿದಿದ್ದವು. ಅದೊಂದು ತಲೆಯಲ್ಲಿ ಕೊರೆಯುತ್ತಿದೆ.

ಅಕ್ಟೋಬರ್ 9, ಗುರುವಾರ

ಹಾವೇರಿ. ನನ್ನ ಮನೆ, ನನ್ನ ಚಹಾ.

ವಿಕ್ರಮ ಕಾರಿನಲ್ಲಿ ಬಿಡುತ್ತೇನೆಂದ. ಬೇಡವೆಂದೆ. ಚೀಲ ಹಿಡಿದು ನಡೆಯುತ್ತಿದ್ದಾಗ ಮೈಮುನಾಬಿ ಹಿಂದಿನಿಂದ ಓಡಿ ಬಂದು ಚೀಲ ಕಿತ್ತುಕೊಂಡಳು. ಹಾವೇರಿ ಬಸ್ಸಿಗೆ ಹೆದ್ದಾರಿಯ ಆಚೆ ಬದಿಗೆ ನಿಲ್ಲಬೇಕು. "ಕ್ರಾಸ್ ಮಾಡೂನು ಬರ್ರಿ" ಎಂದು ನನ್ನ ಬಲಗೈ ಹಿಡಿದು, ಲಾರಿಗಳಿಗೆಲ್ಲ ಕೈ ತೋರಿಸುತ್ತ ದಾಟಿಸಿದಳು. ಶಬ್ದಗಳ ಲೆಕ್ಕ ಹಾಕುವಾಗ ಇದೊಂದನ್ನು ಬಿಟ್ಟಿದ್ದೆ.

"ಮೈಮುನಾಬಿ, ಎರಡನೇ ಸಾಲಿನ ಕಡೀ ಗಿಡ ನೋಡು. ಮೊಗ್ಗಿನ ಟೊಂಗಿಗೆ ದಾರ ಅವ. ತಗದುಬಿಡು."

"ಟೊಂಗಿಗೆ? ನಾವು ಟೊಂಗಿಗೆ ಕಟ್ಟೂದಿಲ್ರಿ ಅಕ್ಕೋರ."

"ನೋಡು ಅಂದ್ರ ನೋಡು. ಹೆಚ್ಚಿಗೆ ಕೇಳಬ್ಯಾಡ."

ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಬಸ್ಸು ಬಂತು.

ಅಕ್ಟೋಬರ್ 12, ರವಿವಾರ

ನಳದ ನೀರು ಬಂದಿಲ್ಲ. ಒಂದು ಕೈಯಲ್ಲಿ ಕೊಡ ಎತ್ತಲಾಗದು. ಪಕ್ಕದ ಮನೆಯವರು ಎರಡು ಬಿಂದಿಗೆ ಕೊಟ್ಟು, "ಮಗನ ಮನಿಯಿಂದ ಇಷ್ಟ ಲಗೂ ಬಂದ್ರಿ?" ಎಂದು ಕೇಳಿ ಹೋದರು. ಕೇಳಲೆಂದೇ ಕೊಟ್ಟ ನೀರು.

ಬೇಜಾರಿಗೆ ಹಳೆಯ ಇಂಗ್ಲಿಷ್ ನಿಘಂಟು ತೆಗೆದೆ. ಕ್ರಾಸ್‌ಗೇ ಒಂದೂವರೆ ಪುಟ ಬರೆದಿದ್ದಾರೆ. ಶಿಲುಬೆ, ಗೀಟು, ದಾಟುವುದು, ಅಡ್ಡ ಬರುವುದು, ತಳಿ ಕೂಡಿಸುವುದು, ಸಿಡುಕು. ಪ್ರತಿಯೊಬ್ಬರೂ ಹೊರಬೇಕಾದ ಭಾರಕ್ಕೂ ಇದೇ ಶಬ್ದ. ನನ್ನ ಭಾರ ಯಾವುದೆಂದು ಯೋಚಿಸಿದೆ. ಸೊಸೆಯ ಹೆಸರೇ ಬರುತ್ತದೆಂದು ಕಾದೆ. ಬರಲಿಲ್ಲ. ಪುಸ್ತಕ ಮುಚ್ಚಿಟ್ಟೆ.

ಕಂಪನಿಯವನು ರವಿವಾರವೂ ತಪಾಸಣೆಗೆ ಬರುತ್ತಾನೆಯೋ ಏನೋ.

ಅಕ್ಟೋಬರ್ 14, ಮಂಗಳವಾರ

ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡೆ. ಕೈ ತಪ್ಪಿರಬೇಕು.

ಅಕ್ಟೋಬರ್ 16, ಗುರುವಾರ

ಬಾಗಿಲು ಬಡಿದರು. ನೀರಿನವನೆಂದು ತೆಗೆದರೆ ಶ್ರೀದೇವಿ. ಆಟೋದಿಂದಿಳಿದು ಏದುಸಿರು ಬಿಡುತ್ತ ಗೋಡೆ ಹಿಡಿದು ನಿಂತಿದ್ದಳು. ಈ ಸ್ಥಿತಿಯಲ್ಲಿ ಬಸ್ಸು ಹತ್ತಿ ಬರುವಷ್ಟು ಬುದ್ಧಿ ಕೆಟ್ಟಿದೆಯೇ ಎಂದು ಬೈದೆ. ಅವಳು ಒಳಗೆ ಬಂದು ಕೂತಳು. ನೀರು ಕೊಟ್ಟೆ, ಕುಡಿದಳು.

"ನೀವು ಬಂದ ಮ್ಯಾಲೆ ಆ ಎರಡು ಸಾಲು ಒಂದೊಂದ ಗಿಡಾ ನೋಡಿದ್ವಿ. ಕ್ರಾಸ್ ಮಾಡಿದ ಹೂವಿನ ದಾರ ಹೋಗಿದ್ರ, ದಾರಿಲ್ಲದ ಬೋಳು ಹೂ ಕಾಣಬೇಕಿತ್ತು. ಎಲ್ಲಾ ದಾರ ಅದಾವು. ನಾಲ್ಕೈದು ಅಷ್ಟ ಹೋಗ್ಯಾವು."

"ಬೆವರಿಗೆ ಕಣ್ಣು ಕಾಣ್ತಿರಲಿಲ್ಲ."

"ಕಡೀ ಗಿಡದಾಗ ಟೊಂಗಿಗೆ ಕಟ್ಟಿದ್ದೂ ಸಿಕ್ಕುವು. ತಗದ್ವಿ." ಲೋಟ ಕೆಳಗಿಟ್ಟು ಕೇಳಿದಳು. "ಯಾರ ಕಟ್ಟಿದ್ರು?"

"ನಾನ. ಪೂಜಾ ಅಂತ ಕಟ್ಟಿದ್ದೆ. ಆಮ್ಯಾಲ ತಪ್ಪು ಅಂತ ಗೊತ್ತಾತು."

ಅವಳು ನನ್ನ ಪ್ಲಾಸ್ಟರಿನ ಕೈ ನೋಡಿದಳು. ಒಂದು ಕೈಯಿಂದ ಗಂಟು ಬೀಳುವುದಿಲ್ಲವೆಂಬುದು ನನಗೆ ಆಗ ಹೊಳೆಯಿತು. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವಳಿಗೆ ನೆಟ್ಟಗೆ ಒಂದು ಸುಳ್ಳು ಹೇಳಲು ಬರಲಿಲ್ಲ. ಇನ್ನೇನು, ಒಂದರ ಮೇಲೊಂದು ಪ್ರಶ್ನೆ ಹಾಕುತ್ತಾಳೆ, ಗಂಡನಿಂದ ಕಲಿತಿರಬೇಕು ಎಂದುಕೊಂಡೆ. ಅವಳು ಏನೂ ಕೇಳಲಿಲ್ಲ. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು.

"ಆವತ್ತ ಚಿಗವ್ವ ಏನಂದ್ಲು ಅಂತ ಮಂದಿ ಬಾಯಿಲೆ ಕೇಳೀನ್ರಿ, ನಿನ್ನೆ. ಮೊದಲ ಗೊತ್ತಿದ್ರ ಬಿಡ್ತಿದ್ದಿಲ್ಲ."

ನಾನು ಖಾಲಿ ಲೋಟ ಎತ್ತಿಕೊಂಡೆ.

"ಯಾರು ಕಟ್ಟಿದ್ರು ಅಂತ ಇನ್ನ ನಾ ಕೇಳೂದಿಲ್ಲ. ಆದ್ರ ಕಟ್ಟಿದವ್ರಿಗೆ ಒಂದ ಮಾತ ನೀವ ಹೇಳ್ರಿ. ಮುಂದಿನ ವಾರ ನನ್ನ ಕುಬಸ ಐತಿ. ಕಟ್ಟೂದಿದ್ರ ಬಂದು ನನ್ನ ಕೈಗೆ ಕಟ್ಟ ಅಂತ ಹೇಳ್ರಿ. ಗಿಡಕ್ಕ ಬ್ಯಾಡ."

ಹೇಳಿ ಎದ್ದಳು. ಬಾಗಿಲಲ್ಲಿ, "ನೀವೂ ಬರ್ರಿ. ಮುಂದ ಕುಂದ್ರಬೇಕು ಮತ್ತ, ಹಿಂದ ಅಲ್ಲ" ಎಂದಳು. ಪ್ಲಾಸ್ಟರ್ ಬಿಚ್ಚಿಸಿದ ಮೇಲೆ ನೋಡೋಣ ಎಂದೆ. ತಪ್ಪಾಯಿತು ಅನ್ನಲಿಲ್ಲ ಅವಳು. ಅನ್ನಲೆಂದು ನಾನೂ ಕಾದಿರಲಿಲ್ಲ. ಕಾದಿದ್ದೆ. ಆಟೋದವನಿಗೆ ನಿಧಾನ ಹೋಗು, ಹಂಪ್ಸ್ ನೋಡಿಕೋ ಎಂದು ಎರಡು ಸಲ ಹೇಳಬೇಕಾಯಿತು, ಅವನಿಗೆ ಕಿವಿಯೇ ಇಲ್ಲ.

ಅವಳು ಹೋದ ಮೇಲೆ ನೀಲಗಂಗವ್ವನಿಗೆ ಫೋನು ಮಾಡಿದೆ. ಶ್ರೀದೇವಿ ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಒಪ್ಪಿಸಿದೆ. ಆ ಕಡೆ ಅವಳು ಅಳತೊಡಗಿದಳು. ಫೋನಿನಲ್ಲಿ ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕಟ್ ಮಾಡಿ ಇಟ್ಟುಬಿಟ್ಟೆ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನಾನೇ ಮಾಡಿದೆ.